ಲವ್‌ಬರ್ಡ್ ಮರಿ: ಉಪಯೋಗಿಸುವ ಕ್ರಮ

ಪಂಜರದ ಬಾಗಿಲು ತೆಗೆಯುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದಿಯಾದ ಮೇಲೆ ಹಕ್ಕಿಯ ಕೊಕ್ಕಿಗೆ ಸಿಗದ ಕಡೆ ಇಡಿ. ಕಾರಣ 4ನೇ ಭಾಗದಲ್ಲಿದೆ.

1. ಮಾಲು ಸರಿಯಿದೆಯೇ ನೋಡಿಕೊಳ್ಳಿ

ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಕೊಟ್ಟ ಹಕ್ಕಿಗೆ ಉದ್ದ ಬಾಲವೂ ಬೆನ್ನ ಮೇಲೆ ಕಪ್ಪು ಗೆರೆಗಳೂ ಇದ್ದರೆ ಅದು ಆಸ್ಟ್ರೇಲಿಯಾ ಮೂಲದ ಬಜರಿಗಾರ್. ಸಭ್ಯ ಹಕ್ಕಿ, ಈ ಕೈಪಿಡಿ ಅದಕ್ಕೆ ಅನ್ವಯಿಸುವುದಿಲ್ಲ. ನಿಜವಾದ ಲವ್‌ಬರ್ಡ್‌ಗಳಲ್ಲಿ ಒಂಬತ್ತು ಜಾತಿ. ಎಂಟರ ಊರು ಆಫ್ರಿಕಾ ಖಂಡ, ಒಂದರದ್ದು ಮಡಗಾಸ್ಕರ್. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ನಮೀಬಿಯಾ ಕಡೆಯ ಗುಲಾಬಿ ಮುಖದ್ದು ಮತ್ತು ಟಾಂಜಾನಿಯಾದ ಫಿಷರ್. ಮೊಂಡು ಬಾಲ, ಗುಂಡು ಮೈ, ತೂಕ ಸುಮಾರು 50 ಗ್ರಾಂ. ಮುಂದೆ ಅದು ಉರುಳಿಸಲಿರುವ ವಸ್ತುಗಳ ತೂಕವನ್ನು ಇದರೊಂದಿಗೆ ತಾಳೆ ನೋಡಲು ಹೋಗಬೇಡಿ; ಲೆಕ್ಕ ಹತ್ತುವುದಿಲ್ಲ.

ಗುಲಾಬಿ ಮುಖದ ಮರಿಯ ಕೊಕ್ಕಿನ ಬುಡದಲ್ಲಿ ಮಸಿ ಮೆತ್ತಿದಂಥ ಕಪ್ಪು ಇರುತ್ತದೆ. ಒರೆಸಬೇಡಿ. ಬೆಳೆಯುತ್ತಾ ಅದು ತಾನೇ ಹೋಗುತ್ತದೆ. ಇರುವಷ್ಟು ದಿನ ಅದೇ ಹಕ್ಕಿಯ ಎಲ್ ಬೋರ್ಡ್.

2. ಹಾರಾಟ ಮತ್ತು ಇಳಿಯುವಿಕೆ

ಮರಿ ಸುಮಾರು ಆರು ವಾರಕ್ಕೆ ಗೂಡು ಬಿಡುತ್ತದೆ. ಹಾರುವುದು ಬೇಗ ಬರುತ್ತದೆ, ಇಳಿಯುವುದು ನಿಧಾನಕ್ಕೆ. ಮೊದಮೊದಲ ಇಳಿಯುವಿಕೆಯ ಹಂತಗಳು ಹೀಗಿವೆ: (ಅ) ಪರದೆಯ ಕಂಬಿಗೆ ಗುರಿ, (ಆ) ಪರದೆಯ ನಡುಮಧ್ಯಕ್ಕೆ ಡಿಕ್ಕಿ, (ಇ) ಉಗುರಲ್ಲಿ ಜೋತುಬಿದ್ದು ಜಾರುವಿಕೆ, (ಈ) ಟಿವಿ ಹಿಂದಿನ ಸಂದಿ. ಅಲ್ಲಿಂದ ಹೊರಬಂದ ಹಕ್ಕಿ, ತಾನು ಹೊರಟದ್ದೇ ಅಲ್ಲಿಗೆ ಎಂಬ ಠೀವಿಯಲ್ಲಿ ಮೈ ಕೊಡವುತ್ತದೆ. ನಗಬೇಡಿ. ನಕ್ಕರೆ ಇನ್ನೊಮ್ಮೆ ಮಾಡಿ ತೋರಿಸುತ್ತದೆ.

ತಯಾರಿಕೆಯಲ್ಲೇ ದೋಷವಿದೆ ಎಂದು ದೂರು ಬರೆಯುವ ಮೊದಲು ಇದನ್ನು ಗಮನಿಸಿ. ಹಾರುತ್ತಲೇ ಗಕ್ಕನೆ ತಿರುಗುವ ಲವ್‌ಬರ್ಡ್‌ಗಳನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2015ರಲ್ಲಿ ವರದಿ ಮಾಡಿದರು. ತಿರುವಿನಲ್ಲಿ ಹಕ್ಕಿಯ ತಲೆ ಸೆಕೆಂಡಿಗೆ 2,700 ಡಿಗ್ರಿಯವರೆಗಿನ ವೇಗದಲ್ಲಿ ಹೊರಳುತ್ತದೆ. ಒಂದು ಹೊರಳಿಗೂ ಇನ್ನೊಂದಕ್ಕೂ ನಡುವೆ ನೋಟ ಅಲುಗದೆ ನಿಲ್ಲುತ್ತದೆ. ಗಾಡಿ ಬಲು ಚೆನ್ನಾಗಿದೆ. ಚಾಲಕರಿಗೆ ಇನ್ನೂ ಲೈಸೆನ್ಸ್ ಬಂದಿಲ್ಲ, ಅಷ್ಟೆ.

ಹಾಗಾಗಿ ರಸ್ತೆ ಸರಿಪಡಿಸುವ ಹೊಣೆ ನಿಮ್ಮದು. ಹಕ್ಕಿ ಹೊರಗಿರುವಾಗ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ. ಸೆಖೆ ಎನ್ನುತ್ತಾ ಬರುವ ನೆಂಟರಿಗೆ ಬೀಸಣಿಗೆ ಕೊಡಿ. ಕಿಟಕಿಯ ಗಾಜಿಗೆ ಪರದೆ ಎಳೆಯಿರಿ, ದೊಡ್ಡ ಕನ್ನಡಿಗೆ ಬಟ್ಟೆ ಹೊದಿಸಿ.

3. ಹತ್ತುವಿಕೆ: ಮೂರನೆಯ ಕಾಲು

ಹಕ್ಕಿ ನಿಮ್ಮ ತೋಳು ಹತ್ತುವಾಗ ಮೊದಲು ಅಂಗಿಯ ಗುಂಡಿಗೆ ಕೊಕ್ಕು ಹಾಕುತ್ತದೆ, ಆಮೇಲೆ ಕಾಲರ್, ಆಮೇಲೆ ಕಿವಿಯೋಲೆ. ಇದನ್ನು ಕಳ್ಳತನದ ಯತ್ನವೆಂದು ದಾಖಲಿಸಬೇಡಿ. ಗುಲಾಬಿ ಮುಖದ ಲವ್‌ಬರ್ಡ್ ಕಡಿದಾದ ಜಾಗ ಏರುವಾಗ ತಲೆಯನ್ನೇ ಮೂರನೆಯ ಕಾಲಾಗಿ ಬಳಸುತ್ತದೆ, ಕೊಕ್ಕು ಹಾಕುವ ಬಲ ಕಾಲಿನ ಬಲಕ್ಕಿಂತ ಕಡಿಮೆಯಿಲ್ಲ ಎಂದು 2022ರಲ್ಲಿ ಅಮೆರಿಕದ ಸಂಶೋಧಕರು ಅಳೆದು ತೋರಿಸಿದ್ದಾರೆ. ಇದೇ ಹಕ್ಕಿ ತೆಳು ಕಂಬಿಯ ಕೆಳಗೆ ಕೊಕ್ಕಿನಿಂದಲೇ ನೇತಾಡುತ್ತಾ ಮುಂದೆ ಸಾಗುವುದನ್ನೂ 2024ರ ಇನ್ನೊಂದು ಅಧ್ಯಯನ ದಾಖಲಿಸಿದೆ.

ಆದ್ದರಿಂದ ಮರಿ ನಿಮ್ಮ ಬೆರಳನ್ನು ಕೊಕ್ಕಿನಿಂದ ಹಿಡಿದರೆ ಕೈ ಕೊಸರಿಕೊಳ್ಳಬೇಡಿ. ಈ ಕೊಂಬೆ ತನ್ನ ಭಾರ ತಡೆಯುತ್ತದೆಯೇ ಎಂದು ಅದು ಪರೀಕ್ಷಿಸುತ್ತಿದೆ. ಕೊಂಬೆ ನಡುಗಿದರೆ ಮುಂದಿನ ಸಲ ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

4. ಕಾಗದ ವಿಭಾಗ

ಗುಲಾಬಿ ಮುಖದ ಹೆಣ್ಣು ಬೆಳೆಯುತ್ತಿದ್ದಂತೆ ಈ ವಿಭಾಗ ತಾನಾಗಿ ತೆರೆದುಕೊಳ್ಳುತ್ತದೆ. ಮುಚ್ಚುವ ಗುಂಡಿ ಕೊಟ್ಟಿಲ್ಲ. ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಅಂಚಿಗೆ ಸಾಲಾಗಿ ತೂತು ಕಚ್ಚಿ, ನೀಳವಾದ ಪಟ್ಟಿ ಹರಿದು, ಅದನ್ನು ಬಾಲದ ಮೇಲಿನ ಪುಕ್ಕಗಳೊಳಗೆ ಸಿಕ್ಕಿಸಿಕೊಂಡು ಹಾರುತ್ತದೆ. ಗೂಡಿಗೆ ಸಾಮಾನು ಸಾಗಿಸುವ ಕ್ರಮವಿದು. ಅರ್ಧ ಸಾಮಾನು ದಾರಿಯಲ್ಲೇ ಉದುರುತ್ತದೆ. ಆ ತಿಂಗಳ ಏಕಾದಶಿ ಸೋಫಾ ಕೆಳಗೂ ಸರ್ಕಾರಿ ರಜೆ ದೇವರಮನೆ ಹೊಸ್ತಿಲಲ್ಲೂ ಸಿಕ್ಕೀತು, ಹುಡುಕಿಕೊಳ್ಳಿ.

ಫಿಷರ್ ಜಾತಿ ಹೀಗೆ ಸಿಕ್ಕಿಸಿಕೊಳ್ಳುವುದಿಲ್ಲ, ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಇವೆರಡರ ನಡುವೆ ಸಂಬಂಧ ಬೆಳೆಸಿ, ಹುಟ್ಟಿದ ಮಿಶ್ರತಳಿಯ ಪಾಡನ್ನು 1962ರಲ್ಲಿ ಪ್ರಕಟಿಸಿದರು. ಅಪ್ಪನ ಮನೆಯ ಪದ್ಧತಿಯೋ ಅಮ್ಮನ ಮನೆಯದೋ ತೀರ್ಮಾನವಾಗದೆ ಆ ಹಕ್ಕಿಗಳು ಪಟ್ಟಿಯನ್ನು ಪುಕ್ಕಕ್ಕೆ ಸಿಕ್ಕಿಸಲು ಹೋಗುತ್ತಿದ್ದವು, ಸಿಕ್ಕಿಸಿದ್ದನ್ನು ಕೊಕ್ಕಿನಿಂದ ಬಿಡುತ್ತಿರಲಿಲ್ಲ, ಬಿಟ್ಟರೆ ಅದು ಬಿದ್ದುಹೋಗುತ್ತಿತ್ತು. ಕೊಕ್ಕಿನಲ್ಲೇ ಒಯ್ಯುವುದನ್ನು ಕಲಿಯಲು ವರ್ಷಗಳು ಬೇಕಾದವು. ಕಲಿತ ಮೇಲೂ ಹೊರಡುವ ಮುನ್ನ ಒಮ್ಮೆ ಬೆನ್ನ ಕಡೆ ಕತ್ತು ತಿರುಗಿಸುವ ಶಾಸ್ತ್ರ ಬಿಡಲಿಲ್ಲ.

5. ದೋಷ ಮತ್ತು ಪರಿಹಾರ

ದೂರು ಹಕ್ಕಿಯ ಮೇಲೆ ಬರುತ್ತದೆ, ರಿಪೇರಿ ಸಾಮಾನ್ಯವಾಗಿ ಮನೆಗೆ ಬೇಕಾಗುತ್ತದೆ.

ದೋಷ: ಕುಡಿಯುವ ನೀರಿನ ಬಟ್ಟಲಿಗೆ ತಲೆಕೆಳಗಾಗಿ ಧುಮುಕುತ್ತದೆ.
ಪರಿಹಾರ: ಅದು ಸ್ನಾನ. ಆಳವಿಲ್ಲದ ಅಗಲ ತಟ್ಟೆ ಕೊಡಿ. ಬಚ್ಚಲಿನ ಬಕೆಟ್ಟು, ಕಮೋಡು ಮುಚ್ಚಿಡಿ. ಅಲ್ಲಿ ಬಿದ್ದರೆ ಮೇಲೇರಲು ಕೊಕ್ಕಿಗೂ ಹಿಡಿತವಿಲ್ಲ.

ದೋಷ: ಅಡುಗೆಮನೆಗೆ ನುಗ್ಗುತ್ತದೆ.
ಪರಿಹಾರ: ಬಾಗಿಲು ಹಾಕಿ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ಪಕ್ಕದ ಕೋಣೆಯ ಹಕ್ಕಿಯನ್ನೂ ಕೊಲ್ಲಬಲ್ಲದು. ದೋಸೆಗೆ ಅಜ್ಜಿಯ ಕಬ್ಬಿಣದ ಕಾವಲಿಯನ್ನು ಕೆಳಗಿಳಿಸಿ. ಬಟರ್‌ಫ್ರೂಟ್, ಚಾಕೊಲೇಟ್, ಕಾಫಿ ಮೂರೂ ಅದಕ್ಕೆ ವಿಷ. ‘ಪಾಪ, ಒಂದು ಚೂರು’ ಎನ್ನುವ ಅತ್ತೆಯವರಿಗೂ ಇದನ್ನು ಓದಿ ಹೇಳಿ.

ದೋಷ: ಸಂಜೆಯಾದರೂ ಚಾರ್ಜ್ ಇಳಿಯದೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ.
ಪರಿಹಾರ: ನಿದ್ದೆ ಸಾಲದು. ಅದಕ್ಕೆ ಕತ್ತಲಲ್ಲಿ 10ರಿಂದ 12 ಗಂಟೆ ನಿದ್ದೆ ಬೇಕು. ಧಾರಾವಾಹಿ ನೋಡುವ ಕೋಣೆಯಿಂದ ಪಂಜರ ಎತ್ತಿ.

ದೋಷ: ಯಾವುದಕ್ಕೂ ಡಿಕ್ಕಿ ಹೊಡೆಯುತ್ತಿಲ್ಲ. ಏನನ್ನೂ ಬೀಳಿಸುತ್ತಿಲ್ಲ. ಕಾಗದದ ಕಡೆ ತಿರುಗಿಯೂ ನೋಡದೆ, ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆ.
ಪರಿಹಾರ: ಅಂತೂ ಬುದ್ಧಿ ಬಂತು ಎಂದು ಖುಷಿಪಡಬೇಡಿ. ಹಕ್ಕಿ ಕಾಯಿಲೆಯನ್ನು ಕೊನೆಯ ಗಳಿಗೆಯವರೆಗೂ ಬಚ್ಚಿಡುತ್ತದೆ; ಹೊರಗೆ ಕಂಡಿತೆಂದರೆ ಕಾಯುವಷ್ಟು ಹೊತ್ತಿಲ್ಲ. ಈ ಒಂದು ದೋಷ ಮಾತ್ರ ನಿಜವಾದದ್ದು, ಇದರ ರಿಪೇರಿ ಕೈಪಿಡಿಯಿಂದ ಆಗುವುದಿಲ್ಲ. ಮರಿಯನ್ನು ಬೆಚ್ಚಗಿಟ್ಟು ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿ ಈಗಲೇ ಹೊರಡಿ. ನಾಳೆ ಅದು ಅವರ ಕನ್ನಡಕ ಕಿತ್ತು ನೆಲಕ್ಕೆ ಹಾಕಿದರೆ ಕ್ಷಮೆ ಕೇಳಿ, ಬಿಲ್ ಕೊಟ್ಟು, ಸಂತೋಷವಾಗಿ ಮನೆಗೆ ಕರೆತನ್ನಿ.