ಕೊಳದ ಕಾಯಿಲೆ, ಅಂಗಡಿ ಮದ್ದು

ಸಾಕಿದ ಕಾಟ್ಲಾ, ರೋಹು ಮೀನಿಗೆ ಹೊಟ್ಟೆಯುಬ್ಬರ, ಮೈಹುಣ್ಣು ತರುವ ಬ್ಯಾಕ್ಟೀರಿಯಾಗಳಲ್ಲಿ ಏರೊಮೊನಾಸ್ ಮುಖ್ಯವಾದುದು. ಅದು ಕೊಳದ ನೀರಿನಲ್ಲಿ ಸದಾ ಇದ್ದೇ ಇರುತ್ತದೆ. ಮೀನು ಸೊರಗಿದಾಗ ಮೈಗೇರುತ್ತದೆ. ಸೊರಗಿಸುವ ಕೆಲಸವನ್ನು ಸಾಕುವವರೇ ಶ್ರದ್ಧೆಯಿಂದ ಮಾಡುತ್ತಾರೆ. ಮೈಸೂರಿನ ಹೊರವಲಯದ ಕೊಳದ ಏರಿಯ ಮೇಲೆ ಇಂಥ ಮಾತು ನಡೆಯುವುದುಂಟು:

“ಎಷ್ಟು ಮರಿ ಬಿಟ್ಟಿದ್ದೀರಿ ಗೌಡ್ರೇ?”

“ಲೆಕ್ಕ ಯಾಕೆ ಸಾರ್? ಜಂಬೂಸವಾರಿ ಜನದಂಗೆ ಅಡ್ಜಸ್ಟ್ ಮಾಡ್ಕೋತವೆ.”

“ಸುಣ್ಣ ಹಾಕಿದ್ರಾ?”

“ಹೂಂ, ಮನೆ ಗೋಡೆಗೆ.”

“ಮರೀನ ಉಪ್ಪುನೀರಲ್ಲಿ ಅದ್ದಿದ್ರಾ?”

“ಸಾರಿಗೆ ಹೆಂಗೂ ಉಪ್ಪು ಹಾಕ್ತೀವಲ್ಲ!”

ಕ್ರಮವೇನೂ ಗುಟ್ಟಲ್ಲ. ಕೊಳ ಒಣಗಿಸಿ, ಕೆಸರು ತೆಗೆದು, ಸುಣ್ಣ ಹಾಕಬೇಕು. ಹೊಸ ಮರಿಗಳನ್ನು ಶೇ 2-3ರ ಉಪ್ಪುನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ಬಿಡಬೇಕು. ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಮ್ಲಜನಕವಿರಬೇಕು. ಅದು ತೀರಾ ಇಳಿಯುವುದು ಬೆಳಗಿನ ಜಾವ, ಮಾಲೀಕರ ಸಿಹಿನಿದ್ದೆಯ ಹೊತ್ತಿನಲ್ಲಿ. ಮಿಕ್ಕ ಮೇವು ಕೊಳೆತರೆ ಅಮೋನಿಯಾ ಏರುತ್ತದೆ.

“ಮೇವಿನ ಜೊತೆ ಆ್ಯಂಟಿಬಯಾಟಿಕ್ ಕೊಟ್ಟಿದ್ದೀನಿ ಸಾರ್, ಅಂಗಡಿಯೋರು ಹೇಳಿದ್ರು.”

“ಕಾಯಿಲೆ ಮೀನು ಮೇವು ಮುಟ್ಟಲ್ಲ. ಹಾಗಾದ್ರೆ ಔಷಧಿ ತಿಂದದ್ದು ಯಾವುದು?”

“ಗಟ್ಟಿಮುಟ್ಟಾಗಿದ್ದವು.”

“ಅವೆಲ್ಲಿ?”

“ನಿನ್ನೇನೇ ಮಾರಿಬಿಟ್ಟೆ ಸಾರ್. ನಿಮ್ಮನೆಗೂ ಎರಡು ಕೆಜಿ ಕಳ್ಸಿದ್ನಲ್ಲಾ?”