ನಟನೆ ಸರಿ, ಕೆಲಸ ಏನು?

"ಸಿನಿಮಾದಲ್ಲಿದ್ದಾನೆ" ಎಂದು ಯಾರ ಬಗ್ಗೆಯಾದರೂ ಹೇಳಿ ನೋಡಿ. ನಮ್ಮ ಹಿರಿಯರ ಮುಖದಲ್ಲಿ ಮೊದಲು ಒಂದಿಷ್ಟು ಮರುಕ ಮೂಡುತ್ತದೆ. ಆಮೇಲೆ ಪ್ರಶ್ನೆ ಬರುತ್ತದೆ: "ಅದು ಸರಿ, ಕೆಲಸ ಏನು?" ನನ್ನ ಸೋದರಮಾವನಿಗಂತೂ ಈ ಪ್ರಶ್ನೆ ಒಂದು ಚಟವೇ ಆಗಿತ್ತು. ಟೀವಿಯಲ್ಲಿ ಯಾವ ಚಿತ್ರ ಬರಲಿ, ಕತೆ ಎತ್ತ ಸಾಗಿದೆ ಎಂಬ ಗೊಡವೆ ಅವರಿಗಿರಲಿಲ್ಲ. ತೆರೆಯ ಮೇಲಿರುವವನು ಇದಕ್ಕೆ ಮೊದಲು ಎಲ್ಲಿ ಸಂಬಳ ಎಣಿಸುತ್ತಿದ್ದ ಎಂಬುದು ಗೊತ್ತಾಗಬೇಕು. ರಜನೀಕಾಂತ್ ಬೆಂಗಳೂರಿನ ಬಿ.ಟಿ.ಎಸ್. ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಎಂದು ಯಾರೋ ಹೇಳಿದಾಗ ಮಾವ ನಿಜವಾಗಿಯೂ ನೊಂದುಕೊಂಡರು. "ಛೆ, ಬಿಟ್ಟುಬಿಟ್ಟನೇ? ಇರೋದಾಗಿದ್ರೆ ಪಿಂಚಣಿ ಬರ್ತಿತ್ತು!"

ಇಂಥವರ ಪಕ್ಕ ಕೂತು ನೋಡಲು ಹೇಳಿ ಮಾಡಿಸಿದ ಚಿತ್ರ 'ಸಂಸ್ಕಾರ'. ಕನ್ನಡದ ಹೊಸ ಅಲೆ ಇಲ್ಲಿಂದಲೇ ಶುರು ಎಂದು ಎಲ್ಲರೂ ಬರೆಯುತ್ತಾರೆ. 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಮೊದಲ ಸಲ ಕನ್ನಡಕ್ಕೆ ತಂದುಕೊಟ್ಟದ್ದೂ ಇದೇ. ಅದರ ಧರ್ಮಸಂಕಟ, ಅಸ್ತಿತ್ವವಾದ ಇತ್ಯಾದಿಗಳನ್ನು ವಿಮರ್ಶಕರು ಸಾಕಷ್ಟು ಅರೆದಿದ್ದಾರೆ. ನನಗೆ ಮಾವನ ಪ್ರಶ್ನೆಯೇ ಹೆಚ್ಚು ರುಚಿ. ಇವರೆಲ್ಲ ಹೊಟ್ಟೆಪಾಡಿಗೆ ಏನು ಮಾಡಿಕೊಂಡಿದ್ದರು?

ಬಹುಪಾಲು ಇಂಗ್ಲಿಷ್ ಪಾಠ ಮಾಡಿಕೊಂಡಿದ್ದರು. ಕಾದಂಬರಿ ಬರೆದ ಅನಂತಮೂರ್ತಿ ಇಂಗ್ಲಿಷ್ ಮೇಷ್ಟ್ರು. ನಾರಣಪ್ಪನ ಪಾತ್ರ ಮಾಡಿದ ಲಂಕೇಶ್ ಇಂಗ್ಲಿಷ್ ಮೇಷ್ಟ್ರು. ಸಂಗೀತ ಕೊಟ್ಟ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರು, ಸರೋದ್ ವಾದಕರು, ಸರಿ. ಆದರೆ ಎಲಿಯಟ್‌ನ ಕಾವ್ಯದ ಮೇಲೆ ಡಾಕ್ಟರೇಟ್ ಮಾಡಿ ತರಗತಿಯಲ್ಲಿ ನಿಂತು ಅವರು ಹೇಳುತ್ತಿದ್ದದ್ದೂ ಇಂಗ್ಲಿಷ್ ಪಾಠವೇ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿ ನಟಿಸಿದ ಗಿರೀಶ ಕಾರ್ನಾಡರು ಮೇಷ್ಟ್ರಲ್ಲ ಎಂದು ಸಮಾಧಾನಪಡುವ ಹಾಗೂ ಇಲ್ಲ. ಅವರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿದ್ದವರು. ಪಾಠ ಹೇಳಲು ಮೂವರು, ಪುಸ್ತಕ ಒದಗಿಸಲು ಒಬ್ಬರು. ಚಿತ್ರ ಕೈಕೊಟ್ಟಿದ್ದರೆ ಎಲ್ಲರೂ ಸೇರಿ ಒಂದು ಟ್ಯುಟೋರಿಯಲ್ ಕಾಲೇಜು ತೆರೆಯಲು ಯಾವ ಅಡ್ಡಿಯೂ ಇರಲಿಲ್ಲ.

ತಮಾಷೆ ಇಷ್ಟಕ್ಕೇ ಮುಗಿಯುವುದಿಲ್ಲ. ಚಿತ್ರ ತಯಾರಿಸಿದ ಸಂಸ್ಥೆಯ ಹೆಸರು ರಾಮಮನೋಹರ ಚಿತ್ರ. ಯಾವ ರಾಮಮನೋಹರ? ಲೋಹಿಯಾ! ಅನಂತಮೂರ್ತಿ, ಲಂಕೇಶ್, ನಿರ್ಮಾಪಕ-ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ಅವರ ಪತ್ನಿ ಸ್ನೇಹಲತಾ ಎಲ್ಲರಿಗೂ ಲೋಹಿಯಾ ಎಂದರೆ ಪ್ರಾಣ. ಆ ಲೋಹಿಯಾ ಜೀವಮಾನವಿಡೀ ಸಾರಿದ ಮಾತುಗಳಲ್ಲಿ ಒಂದು, ಈ ದೇಶದಿಂದ ಇಂಗ್ಲಿಷನ್ನು ಓಡಿಸಿ ಎಂಬುದು. ಇಂಗ್ಲಿಷನ್ನು ಓಡಿಸಬೇಕೆಂದವರ ಹೆಸರಿನಲ್ಲಿ ಇಂಗ್ಲಿಷ್ ಮೇಷ್ಟ್ರುಗಳು ಒಂದುಗೂಡಿ, ವೇದಾಂತ ಶಿರೋಮಣಿಯೊಬ್ಬನ ಕತೆಯನ್ನು ಕನ್ನಡದಲ್ಲಿ ಚಿತ್ರ ಮಾಡಿದರು. ಲೋಹಿಯಾ 1967ರಲ್ಲೇ ತೀರಿಕೊಂಡಿದ್ದರು. ಇದ್ದಿದ್ದರೆ ನಗುತ್ತಿದ್ದರೋ ಬೈಯುತ್ತಿದ್ದರೋ, ಎರಡನ್ನೂ ಮಾಡುತ್ತಿದ್ದರು ಎಂದು ನನ್ನ ಊಹೆ.

ಕತೆ ಹುಟ್ಟಿದ್ದಾದರೂ ಎಲ್ಲಿ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಅನಂತಮೂರ್ತಿ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಚಿತ್ರವನ್ನು ಸಬ್‌ಟೈಟಲ್ ಇಲ್ಲದೆ, ಸ್ವೀಡಿಷ್ ಭಾಷೆ ಅರ್ಥವಾಗದೆ ನೋಡಿದರು. ಆ ಗುಂಗಿನಲ್ಲೇ ಕಾದಂಬರಿ ಹೊಳೆಯಿತು. ಹೀಗೆ ಭಾಷೆ ತಿಳಿಯದೆ ನೋಡಿದ ಚಿತ್ರದಿಂದ ಹುಟ್ಟಿದ ಕಾದಂಬರಿ ಚಿತ್ರವಾಗುವಾಗ ಕ್ಯಾಮೆರಾ ಹಿಡಿದವರು ಯಾರು? ಟಾಮ್ ಕೋವನ್, ಆಸ್ಟ್ರೇಲಿಯಾದವರು! ಶೃಂಗೇರಿ ಬಳಿಯ ವೈಕುಂಠಪುರದಲ್ಲಿ, ತುಂಗೆಯ ದಡದಲ್ಲಿ, ಮಡಿ ಉಟ್ಟ ಪಾತ್ರಧಾರಿಗಳ ಎದುರು ಅವರು ನಿಂತದ್ದನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ಸೆಟ್ಟಿನಲ್ಲಿ ಅಪ್ಪಣೆಗಳೆಲ್ಲ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ನಡೆದಿರಬೇಕು. ಏಕೆಂದರೆ ಪಟ್ಟಾಭಿಯವರು ನೆಲ್ಲೂರಿನವರು. 1939ರಲ್ಲಿ 'ಫಿಡೇಲು ರಾಗಾಲ ಡಜನ್' ಎಂಬ ಕವನಸಂಕಲನ ತಂದು ತೆಲುಗಿನ ಛಂದಸ್ಸಿನ ಪಂಡಿತರಿಗೆ ತಲೆನೋವು ತಂದವರು, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದವರು, 'ಪೆಳ್ಳಿನಾಟಿ ಪ್ರಮಾಣಾಲು'ವಿನಂಥ ಮನೆಮಂದಿಯೆಲ್ಲ ನೋಡುವ ತೆಲುಗು ಚಿತ್ರಕ್ಕೆ ದುಡ್ಡು ಹಾಕಿದ್ದವರು. ನವ್ಯ ಕವಿಯೊಬ್ಬ ಜನಪ್ರಿಯ ಚಿತ್ರಕ್ಕೆ ಬಂಡವಾಳ ಹೂಡಿದ ಉದಾಹರಣೆ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ. ನಮ್ಮ ನವ್ಯ ಕವಿಗಳ ಹತ್ತಿರ ಬಂಡವಾಳ ಇರಲಿಲ್ಲ, ಅದೂ ಒಂದು ಕಾರಣ.

ಕಲಾ ನಿರ್ದೇಶಕರು ಎಸ್.ಜಿ. ವಾಸುದೇವ್. ಮೈಸೂರಿನವರಾದರೂ ಆಗ ಮದರಾಸಿನ ಹೊರವಲಯದ ಚೋಳಮಂಡಲದಲ್ಲಿದ್ದ ಚಿತ್ರಕಾರರು. ಅದು 1966ರಲ್ಲಿ ಕಲಾವಿದರೇ ಸೇರಿ ಕಟ್ಟಿಕೊಂಡ ಊರು. ಬಾಟಿಕ್ ಬಟ್ಟೆ ಮಾಡಿ ಮಾರುವುದು, ಬಂದ ದುಡ್ಡಿನಲ್ಲಿ ಯಾರೂ ಕೊಳ್ಳದ ಚಿತ್ರ ಬರೆಯುವುದು, ಇದು ಅಲ್ಲಿನವರ ಅರ್ಥಶಾಸ್ತ್ರ. ಮಾವನ ಪ್ರಶ್ನೆಗೆ ಇಷ್ಟು ಪ್ರಾಮಾಣಿಕವಾಗಿ ಉತ್ತರ ಕೊಟ್ಟ ಕಲಾವಿದರ ಊರು ಇನ್ನೊಂದಿರಲಾರದು.

ಕಾರ್ನಾಡರ ವಿಷಯಕ್ಕೆ ಮತ್ತೆ ಬರುತ್ತೇನೆ. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ, ಅಲ್ಲಿನ ಯೂನಿಯನ್‌ಗೆ ಅಧ್ಯಕ್ಷರಾಗಿ, 1963ರಿಂದ 1970ರವರೆಗೆ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು. ಚಿತ್ರದಲ್ಲಿ ಅವರ ಪಾಲಿಗೆ ಬಂದ ಕೆಲಸವೇನು? ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿ ಸತ್ತ ನಾರಣಪ್ಪನ ಹೆಣಕ್ಕೆ ಬೆಂಕಿ ಕೊಡುವವರು ಯಾರೆಂದು ತಾಳೆಗರಿ ತಿರುವಿ ತಿರುವಿ ಹುಡುಕುವುದು, ಉತ್ತರ ಸಿಗದೆ ಕಂಗಾಲಾಗುವುದು. ಏಳು ವರ್ಷ ಪುಸ್ತಕದ ವ್ಯವಹಾರದಲ್ಲಿದ್ದವರಿಗೆ ಪುಸ್ತಕದಲ್ಲಿ ಎಲ್ಲಕ್ಕೂ ಉತ್ತರವಿರುವುದಿಲ್ಲ ಎಂಬುದು ಚೆನ್ನಾಗಿಯೇ ಗೊತ್ತಿರಬೇಕು. ಆ ಹತಾಶೆ ಮುಖದ ಮೇಲೆ ಅಷ್ಟು ಸಹಜವಾಗಿ ಬಂದದ್ದು ಬರೀ ನಟನೆ ಎಂದು ನಂಬಲು ನಾನು ಸಿದ್ಧನಿಲ್ಲ. ಅವರು ಪ್ರೆಸ್ ಬಿಟ್ಟ ಮೇಲೆ, 1976ರಲ್ಲಿ, 'ಸಂಸ್ಕಾರ'ದ ಎ.ಕೆ. ರಾಮಾನುಜನ್ ಅನುವಾದವನ್ನು ಅಚ್ಚು ಹಾಕಿದವರೂ ಅದೇ ಆಕ್ಸ್‌ಫರ್ಡ್ ಪ್ರೆಸ್ಸಿನವರು.

ಲಂಕೇಶರದು ಇನ್ನೂ ಸೊಗಸು. ಕತೆ ಶುರುವಾಗುವ ಹೊತ್ತಿಗೇ ನಾರಣಪ್ಪ ಸತ್ತಿರುತ್ತಾನೆ. ಹಿಂದಿನದನ್ನು ನೆನೆಯುವ ದೃಶ್ಯಗಳಲ್ಲಿ ಎದ್ದು ಬಂದು ಆಚಾರ್ಯರಿಗೆ ಸವಾಲು ಹಾಕುವುದನ್ನು ಬಿಟ್ಟರೆ, ಉಳಿದಂತೆ ಆ ಪಾತ್ರದ ಕೆಲಸ ಹೆಣವಾಗಿ ಬಿದ್ದುಕೊಂಡಿರುವುದು. ದಿನಕ್ಕೆ ಮೂರು ತರಗತಿ ತೆಗೆದುಕೊಂಡು ಗಂಟಲು ಒಣಗಿಸಿಕೊಳ್ಳುವ ಯಾವ ಮೇಷ್ಟ್ರಿಗೂ ಇದಕ್ಕಿಂತ ಒಳ್ಳೆಯ ರಜೆ ಸಿಗಲಾರದು. ಆದರೂ ಮಲಗಿದ್ದಲ್ಲಿಂದಲೇ ಇಡೀ ಅಗ್ರಹಾರದ ಊಟ ನಿದ್ದೆ ಕೆಡಿಸುವುದಿದೆಯಲ್ಲ, ಅದು ಲಂಕೇಶರಿಗೇ ಹೇಳಿ ಮಾಡಿಸಿದ್ದು. ಹತ್ತು ವರ್ಷದ ಮೇಲೆ, 1980ರಲ್ಲಿ, ಸ್ವಂತ ಪತ್ರಿಕೆ ತಂದು ಅದೇ ಉಪಕಾರವನ್ನು ವಿಧಾನಸೌಧಕ್ಕೂ ಮಾಡಿದರು.

ಇಷ್ಟು ಹೊತ್ತು ನಗಾಡಿದರೂ ನನ್ನದೊಂದು ಗುಮಾನಿ ಗಟ್ಟಿಯಾಗುತ್ತಾ ಬಂದಿದೆ. ಇಂಥ ಚಿತ್ರಗಳಿಗೆ ಹಣ ಹಾಕುವವರು ಯಾರೋ ಇರುತ್ತಾರೆ, ನಿಜ. ಆದರೆ ಅವುಗಳನ್ನು ಸಾಕುವುದು ಕಲಾವಿದರು ಬೇರೆಲ್ಲೋ ಪಡೆಯುವ ತಿಂಗಳ ಸಂಬಳ. ಮದರಾಸಿನ ಸೆನ್ಸಾರಿನವರು 'ಸಂಸ್ಕಾರ'ಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ ಎಂದರು. ಕೊನೆಗೆ ದೆಹಲಿಯ ವಾರ್ತಾ ಇಲಾಖೆ ಒಪ್ಪಿಗೆ ಕೊಡುವ ತನಕ ಡಬ್ಬಿಗಳು ಕಾದವು. ಕೋಡಂಬಾಕ್ಕಂನ ಯಾವುದಾದರೂ ಕಂಪನಿಯ ಚಿತ್ರಕ್ಕೆ ಹೀಗಾಗಿದ್ದರೆ ಎಷ್ಟು ಮನೆಗಳಲ್ಲಿ ಒಲೆ ಹತ್ತುತ್ತಿರಲಿಲ್ಲವೋ! ಇಲ್ಲಿ ಹಾಗಾಗಲಿಲ್ಲ. ಮೇಷ್ಟ್ರುಗಳಿಗೆ ಕ್ಲಾಸ್‌ರೂಮಿತ್ತು, ಹಾಜರಿ ಪುಸ್ತಕವಿತ್ತು, ಒಂದನೆಯ ತಾರೀಖಿತ್ತು. ಅಗ್ರಹಾರದ ಹೆಂಚು ಹಾರಿಸುವಂಥ ಧೈರ್ಯ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಅರ್ಧ ಲೋಹಿಯಾರಿಂದ, ಇನ್ನರ್ಧ ಖಜಾನೆಯಿಂದ ಎನ್ನುತ್ತೇನೆ.

ಮಾವನಿಗೆ ಇದನ್ನು ವಿವರಿಸಿದಾಗ ಅವರಿಗೆ ಪರಮ ಸಂತೋಷವಾಯಿತು. "ನೋಡಿದ್ಯಾ, ಅದಕ್ಕೇ ಹೇಳೋದು, ಕೆಲಸ ಬಿಡಬಾರದು!" ಎಂದರು. ಬಿಡಲಿಲ್ಲ ಎಂದು ನಾನು ಹೇಳಿರಲಿಲ್ಲ. ಕಾರ್ನಾಡರು 1970ರಲ್ಲೇ ಬಿಟ್ಟರು. ಲಂಕೇಶರು ಎಪ್ಪತ್ತರ ದಶಕ ಮುಗಿಯುವುದರೊಳಗೆ ಬಿಟ್ಟರು. ರಾಜೀವರು ಎಲಿಯಟ್‌ಗೆ ಕೈಮುಗಿದು ಸರೋದಿಗೇ ನಿಂತರು. ಮುಂದೆ ಅಮೆರಿಕದಲ್ಲಿ ಮೇಷ್ಟ್ರಾದದ್ದೂ ಸಂಗೀತದ ಮೇಷ್ಟ್ರಾಗಿ.

ನಾರಣಪ್ಪನ ಸಂಗಾತಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರ ವಿಷಯದಲ್ಲಿ ಮಾತ್ರ ಮಾವನ ಪ್ರಶ್ನೆ ಕೇಳಲು ನಾಲಗೆ ಏಳುವುದಿಲ್ಲ. ಮದ್ರಾಸ್ ಪ್ಲೇಯರ್ಸ್ ತಂಡ ಕಟ್ಟಿದವರಲ್ಲಿ ಒಬ್ಬರು, ರಂಗಭೂಮಿಯವರು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ತೀವ್ರ ಉಬ್ಬಸ ಇದ್ದವರು. ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಹೆಣದ ಪಕ್ಕ ನಿಂತು ಇಡೀ ಅಗ್ರಹಾರವನ್ನು ನೇರವಾಗಿ ನೋಡುವ ಚಂದ್ರಿಯನ್ನು ಈಗ ತೆರೆಯ ಮೇಲೆ ಕಂಡರೆ ನನಗೆ ಕತೆ ಹಿಂದೆ ಸರಿದುಬಿಡುತ್ತದೆ.

ನಲವತ್ತೈದು ವರ್ಷದ ಮೇಲೆ ಕನ್ನಡದ ಇನ್ನೊಂದು ಸ್ವತಂತ್ರ ಚಿತ್ರ 'ತಿಥಿ' ಬಂದಾಗ ಎಲ್ಲ ತಿರುವುಮುರುವಾಗಿತ್ತು. ಅದೂ ಸಾವಿನಿಂದಲೇ ಶುರುವಾಗುವ ಕತೆ. ಅಲ್ಲೂ ಹೊರದೇಶದ ಛಾಯಾಗ್ರಾಹಕರು. 'ಸಂಸ್ಕಾರ'ವನ್ನು ಮೆಚ್ಚಿದ್ದ ಲೊಕಾರ್ನೊ ಚಿತ್ರೋತ್ಸವವೇ 2015ರಲ್ಲಿ ಇದಕ್ಕೂ ಪ್ರಶಸ್ತಿ ಕೊಟ್ಟಿತು. ಆದರೆ ತೆರೆಯ ಮೇಲೆ ಒಬ್ಬ ಮೇಷ್ಟ್ರೂ ಇಲ್ಲ. ಎಲ್ಲ ಮಂಡ್ಯದ ಕಡೆಯ ಹಳ್ಳಿಯ ಜನ. ಕತೆ ಹೆಣೆದ ಈರೇಗೌಡರು ಅಲ್ಲಿಯ ನೊದೆಕೊಪ್ಪಲಿನವರೇ. ಆಚಾರ್ಯರು ಪುಸ್ತಕದಲ್ಲಿ ಹುಡುಕಿದ ಉತ್ತರವನ್ನು ಇಲ್ಲಿ ಸತ್ತವನ ಮಗ ಗಡ್ಡಪ್ಪ ಹುಡುಕುವುದೇ ಇಲ್ಲ, ಅಪ್ಪ ಸತ್ತ ಎಂದರೆ "ಆಯ್ತು" ಎನ್ನುವಂತೆ ನಡೆದುಬಿಡುತ್ತಾನೆ. ಪಾತ್ರ ಮಾಡಿದ ಹಿರಿಯರನ್ನು ಆಮೇಲೆ 'ತರ್ಲೆ ವಿಲೇಜ್'ನಂಥ ಚಿತ್ರಗಳು ಹುಡುಕಿಕೊಂಡು ಬಂದವು. ಗಾಂಧಿನಗರ ಇಂಗ್ಲಿಷ್ ಮೇಷ್ಟ್ರುಗಳನ್ನು ಅಷ್ಟು ಪ್ರೀತಿಯಿಂದ ಕರೆದದ್ದಿಲ್ಲ.

ಆ ಮೇಷ್ಟ್ರುಗಳ ನಡುವೆ ಸಿನಿಮಾವನ್ನೇ ಕಸುಬು ಮಾಡಿಕೊಂಡಿದ್ದವರು ಒಬ್ಬರಿದ್ದರು, ಸಿಂಗೀತಂ ಶ್ರೀನಿವಾಸರಾವ್. ಕೆ.ವಿ. ರೆಡ್ಡಿಯವರ ಬಳಿ ಪಳಗಿ ಬಂದು 'ಸಂಸ್ಕಾರ'ಕ್ಕೆ ಕಾರ್ಯಕಾರಿ ನಿರ್ದೇಶಕರಾದವರು. ಅವರೂ ಅದಕ್ಕೂ ಮುಂಚೆ ಸೂಳೂರುಪೇಟೆಯಲ್ಲಿ ಪಾಠ ಹೇಳಿಕೊಂಡಿದ್ದ ಮೇಷ್ಟ್ರೇ ಎಂಬುದು ತಿಳಿದಾಗ ನಾನು ಕೈಚೆಲ್ಲಿದೆ. ಮುಂದೆ ರಾಜಕುಮಾರರಿಗೆ 'ಹಾಲು ಜೇನು' ಮಾಡಿದರು, 'ಚಲಿಸುವ ಮೋಡಗಳು' ಮಾಡಿದರು. 1987ರಲ್ಲಿ ಬೆಂಗಳೂರಿನಲ್ಲೇ ಚಿತ್ರೀಕರಿಸಿ ಇನ್ನೊಂದು ಚಿತ್ರ ತಂದರು. ಇಷ್ಟೊಂದು ಮೇಷ್ಟ್ರುಗಳ ಜೊತೆ ತುಂಗೆಯ ದಡದಲ್ಲಿ ದಿನಗಟ್ಟಲೆ ಮಾತು ಕೇಳಿದವರಿಗೆ ಅಂಥ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ: 'ಪುಷ್ಪಕ ವಿಮಾನ'ದಲ್ಲಿ ಮೊದಲಿನಿಂದ ಕೊನೆಯವರೆಗೆ ಯಾರೂ ತುಟಿ ಬಿಚ್ಚುವುದಿಲ್ಲ.