ನಿಂತಲ್ಲೇ ಸೈಕಲ್

ಗುಂಡ್ಲುಪೇಟೆಯಲ್ಲಿ ಹುಟ್ಟಿ, ಚಾಮರಾಜನಗರದಲ್ಲಿ ನಿವೃತ್ತರಾದ ಮೇಷ್ಟರೊಬ್ಬರು ತಮ್ಮ 61ನೇ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೊರಟರು. ಬಿಡುವುದನ್ನಲ್ಲ. ಬಾಡಿಗೆ ಸೈಕಲ್ಲು, ಬಾರಿನಾಚೆ ಎಟುಕದ ಕಾಲು, ಒಳಪೆಡಲು, ತೆರಕಣಾಂಬಿ ರಸ್ತೆಯ ಪಕ್ಕದ ಹಳ್ಳ, ಇವೆಲ್ಲ ಐವತ್ತು ವರ್ಷದ ಹಿಂದೆಯೇ ಆಗಿಹೋಗಿ ಮೊಣಕಾಲಿನ ಮೇಲೆ ಗುರುತಾಗಿ ಉಳಿದಿವೆ. ಈಗ ಕಲಿಯಬೇಕಾದದ್ದು ನಿಲ್ಲುವುದನ್ನು. ಕಾಲು ಊರದೆ, ಗೋಡೆ ಹಿಡಿಯದೆ, ಸೈಕಲ್ ಮೇಲಿದ್ದಂತೆಯೇ ನಿಂತುಬಿಡುವುದನ್ನು.

ಈ ಹುಚ್ಚು ಹತ್ತಿಸಿದ್ದು ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ. ಗೇರ್ ಸೈಕಲ್ಲಿನ ಮೇಲೆ ಮನೆ ಮುಂದೆ ನಿಂತ, ನಿಂತೇ ಇದ್ದ. ಅಜ್ಜಿ ಕೊಟ್ಟ ಚಕ್ಕುಲಿಯನ್ನೂ ಹಾಗೇ ತಿಂದ. "ಟ್ರ್ಯಾಕ್ ಸ್ಟ್ಯಾಂಡ್ ತಾತ, ನಿಮ್ಮ ಕೈಲಾಗಲ್ಲ" ಅಂದ. ಮೂವತ್ತು ವರ್ಷ ಸ್ಲೋ ಸೈಕಲ್ ರೇಸಿನ ತೀರ್ಪುಗಾರರಾಗಿದ್ದವರಿಗೆ ಹೇಳುವ ಮಾತೇ ಇದು?

ಸ್ಲೋ ಸೈಕಲ್ ರೇಸ್ ಇಲ್ಲದ ಗಣೇಶೋತ್ಸವ, ರಾಜ್ಯೋತ್ಸವ ನಮ್ಮ ಕಡೆ ಕಡಿಮೆ. ಎರಡು ಸುಣ್ಣದ ಗೆರೆ, ನಡುವೆ ಒಬ್ಬೊಬ್ಬರಿಗೂ ಒಂದು ಪಟ್ಟೆ. ಕಾಲು ನೆಲ ಮುಟ್ಟಿದರೆ ಔಟು, ಪಟ್ಟೆ ಬಿಟ್ಟು ಹೋದರೆ ಔಟು, ಕಟ್ಟಕಡೆಗೆ ಬಂದವನೇ ಮೊದಲನೆಯವನು. ತರಗತಿಯಲ್ಲಿ ಹಿಂದೆ ಬಿದ್ದವನನ್ನು ಬೈದು, ಮೈದಾನದಲ್ಲಿ ಅದೇ ಗುಣಕ್ಕೆ ಸ್ಟೀಲ್ ಲೋಟ ಬಹುಮಾನ ಕೊಟ್ಟವರು ಮೇಷ್ಟರು. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲಂತೂ ಸ್ಪರ್ಧಿಗಳು ಹೆಚ್ಚಿ ಪಟ್ಟೆಗಳೇ ಸಾಲದಾಗಿದ್ದವು.

ಅದಕ್ಕೂ ಹಿಂದೆ, ಮೇಷ್ಟರು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ, 'ಸೈಕಲ್ ಬ್ಯಾಲೆನ್ಸ್' ಎಂಬ ಆಟವೇ ಊರೂರಿಗೆ ಬರುತ್ತಿತ್ತು. ಮೈಕಿನಲ್ಲಿ ಸಿನಿಮಾ ಹಾಡು, ನಡುವೆ ಒಂದು ಕಂಬ, ಅದರ ಸುತ್ತ ಹಗಲೂ ರಾತ್ರಿ ಸೈಕಲ್ಲಿನಿಂದ ಇಳಿಯದ ಒಬ್ಬ ಮನುಷ್ಯ. ಸ್ನಾನ, ಊಟ, ಬಟ್ಟೆ ಬದಲಾಯಿಸುವುದು ಎಲ್ಲವೂ ಅದರ ಮೇಲೆಯೇ. ಸಂಜೆ ಎದೆಗೆ ಟ್ಯೂಬ್‌ಲೈಟ್ ಒಡೆದುಕೊಳ್ಳುತ್ತಿದ್ದ. ಹುಡುಗರಿಗೆ ಅದಲ್ಲ ಕುತೂಹಲ. ನಡುರಾತ್ರಿ ಆತ ಇಳಿಯುತ್ತಾನೋ ಇಲ್ಲವೋ ಎಂದು ಹೊಂಚುಹಾಕಿ, ಅವನಿಗಿಂತ ಮೊದಲು ತಾವೇ ನಿದ್ದೆಹೋಗಿ, ಬೆಳಗ್ಗೆ ಮನೆಯಲ್ಲಿ ಒದೆ ತಿಂದರು.

ಆದರೆ ಆತನೂ ಸುತ್ತುತ್ತಲೇ ಇದ್ದ, ನಿಂತವನಲ್ಲ. ನಿಂತವರು ಬೇರೆ ಇದ್ದಾರೆ. 1964ರ ಟೋಕಿಯೊ ಒಲಿಂಪಿಕ್ಸಿನ ಸ್ಪ್ರಿಂಟ್ ಸೆಮಿಫೈನಲ್ಲಿನಲ್ಲಿ ಇಟಲಿಯ ಜೊವಾನಿ ಪೆಟ್ಟೆನೆಲ್ಲಾ ಮತ್ತು ಫ್ರಾನ್ಸಿನ ಪಿಯರ್ ಟ್ರೆಂಟಿನ್ 21 ನಿಮಿಷ 57 ಸೆಕೆಂಡು ಟ್ರ್ಯಾಕಿನಲ್ಲಿ ಅಲ್ಲಾಡದೆ ನಿಂತರು. ಮುಂದೆ ಹೋದವನು ಗಾಳಿಯನ್ನು ಸೀಳಬೇಕು. ಹಿಂದಿನವನು ಅವನ ಮರೆಯಲ್ಲಿ ಸುಖವಾಗಿ ಬಂದು ಕೊನೆಯಲ್ಲಿ ನುಗ್ಗಿಬಿಡುತ್ತಾನೆ. ಹಾಗಾಗಿ 'ನೀನು ಮುಂದೆ ಹೋಗು' ಎಂಬ ಮರ್ಯಾದೆ ಇಬ್ಬರಿಗೂ. ಚಿನ್ನ ಕೊನೆಗೆ ಪೆಟ್ಟೆನೆಲ್ಲಾಗೆ ಸಿಕ್ಕಿತು. ಈಗಿನ ನಿಯಮದಲ್ಲಿ 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆ ನಿಲ್ಲುವಂತಿಲ್ಲ. ನೋಡುವವರಿಗೂ ಮನೆಮಠ ಇರುತ್ತದಲ್ಲ.

ಮೊಮ್ಮಗ ಹೇಳಿಕೊಟ್ಟ ಗುಟ್ಟು ಇಷ್ಟು: ಸ್ವಲ್ಪ ಏರು ಇರುವ ಜಾಗ ನೋಡು. ಎರಡು ಪೆಡಲೂ ಸಮಕ್ಕಿರಲಿ. ಮುಂದಿನ ಚಕ್ರವನ್ನು ಏರಿನ ಕಡೆಗೆ ತಿರುಗಿಸು. ಚಕ್ರ ಓರೆಯಾಗಿರುವುದರಿಂದ ಪೆಡಲು ಚೂರು ಒತ್ತಿದರೆ ಸೈಕಲ್ಲಿನ ಮುಂಭಾಗ ಆ ಕಡೆ ಸರಿಯುತ್ತದೆ, ಸಡಿಲಿಸಿದರೆ ಇಳಿಜಾರೇ ಹಿಂದಕ್ಕೆಳೆದು ಈ ಕಡೆ ತರುತ್ತದೆ. ಮೈ ಯಾವ ಕಡೆ ವಾಲಿತೋ ಆ ಕಡೆಗೆ ಸೈಕಲ್ಲನ್ನು ಜರುಗಿಸುತ್ತಿದ್ದರೆ ಆಯಿತು. ಟ್ರ್ಯಾಕಿನ ಸೈಕಲ್ಲಿಗೆ ಫ್ರೀವೀಲ್ ಇರುವುದಿಲ್ಲ, ಹಿಂದಕ್ಕೆ ತುಳಿದರೆ ಹಿಂದಕ್ಕೇ ಹೋಗುತ್ತದೆ. ಮೇಷ್ಟರ ಅಟ್ಲಾಸ್ ಹಿಂದಕ್ಕೆ ತುಳಿದರೆ ಕಟಕಟ ಎನ್ನುತ್ತದೆ ಅಷ್ಟೇ, ಆದ್ದರಿಂದ ಏರು ಬೇಕೇ ಬೇಕು.

ಇದನ್ನು ಕೇಳಿದಾಗ ಮೇಷ್ಟರಿಗೆ ಊರಿನ ಇನ್ನೊಂದು ಒಗಟು ಬಿಡಿಸಿದಂತಾಯಿತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆಂಬ ನಂಬಿಕೆ ಬಹಳ ಕಾಲ ಇತ್ತು. 1997ರಲ್ಲಿ ಹೊಸ ಜಿಲ್ಲೆಯನ್ನು ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ಕೂಡ ಜಿಲ್ಲಾಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಸಿದ್ದರಾಮಯ್ಯನವರು 2013ರಲ್ಲಿ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಮುಗಿಸಿದರು. "ನೋಡು, ಬಂದು ಹೋಗಿ, ಬಂದು ಹೋಗಿ ಮಾಡಿದರಲ್ಲ, ಅದಕ್ಕೇ ಬೀಳಲಿಲ್ಲ" ಎಂದು ಮೇಷ್ಟರು ವಿವರಿಸಿದರು. ಮೊಮ್ಮಗನಿಗೆ ಅರ್ಥವಾಗಲಿಲ್ಲ.

ಅಭ್ಯಾಸ ಬೆಳಗ್ಗೆ ಐದೂವರೆಗೆ, ಬೀದಿ ಏಳುವ ಮುಂಚೆ. ಮೊದಲ ವಾರದ ಗಳಿಕೆ ಎರಡು ಸೆಕೆಂಡು, ಒಂದು ಹರಿದ ಪಂಚೆ. ಮೂರನೇ ವಾರ ಆರಕ್ಕೇರಿತು. ಹಾಲಿನವನು ದಿನಾ ಕ್ಯಾನು ಇಳಿಸಿ ನೋಡಿ, "ಸೈಕಲ್ ಇರದು ಹೋಗಕ್ಕ ಕನಾ ಮೇಷ್ಟ್ರೆ, ನಿಂತ್ಕಳಕ್ಕ ಜಗಲಿ ಇಲ್ವಾ?" ಎಂದು ಕೇಳಿ ಹೋಗುತ್ತಿದ್ದ. ಮೇಷ್ಟರು ಉತ್ತರಿಸುತ್ತಿರಲಿಲ್ಲ. ಬಾಯಿ ತೆರೆದರೆ ಹ್ಯಾಂಡಲ್ ತಿರುಗುತ್ತಿತ್ತು.

ರಜೆ ಮುಗಿದು ಮೊಮ್ಮಗ ಹೋದ ಮೇಲೂ ಅವರು ಬಿಡಲಿಲ್ಲ. ಒಂದು ಭಾನುವಾರ ಸೈಕಲ್ಲು ಇದ್ದಕ್ಕಿದ್ದಂತೆ ಮಾತು ಕೇಳಿತು. ಪೆಡಲು ಉಸಿರಿನಷ್ಟು ಒತ್ತುವುದು, ಬಿಡುವುದು. ಎಂಟು, ಒಂಬತ್ತು, ಹತ್ತು ಎಂದು ಹೆಂಡತಿ ಬಾಗಿಲಲ್ಲಿ ಪೊರಕೆ ಹಿಡಿದೇ ಎಣಿಸುತ್ತಿದ್ದರು. ಹನ್ನೊಂದಕ್ಕೆ ಎದುರುಮನೆಯ ಬಾಗಿಲು ತೆರೆದು, ಗಾಬರಿಯಾದ ದನಿ ಕೇಳಿಸಿತು:

"ಯಾಕ ಮೇಷ್ಟ್ರೆ ಅಲ್ಲೇ ನಿಂತ್ಬುಟ್ರಿ, ಚೈನು ಬುಟ್ಟೋಯ್ತ?"

"ಇಲ್ಲ ಕನವ್ವಾ" ಎನ್ನಲು ಮೇಷ್ಟರು ಕಾಲು ಕೆಳಗಿಟ್ಟರು.